ಎಮ್ಮೆಯ ಮುಂದೆ ಒಪ್ಪಿಸಿದ ದಿನಚರಿ

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ, ಉಪ್ಪಿನ ಡಬ್ಬಿಗೂ ಮಿಕ್ಸಿಗೂ ನಡುವೆ, ಮೂರು ವಾರದಿಂದ ಒಂದು ನೀಲಿ ರಟ್ಟಿನ ಪುಸ್ತಕ ಕಾಣಿಸಿಕೊಳ್ಳುತ್ತಿದೆ. ಅದು ನನ್ನ ಸೊಸೆ ಕಾವ್ಯಳದು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಹುಡುಗಿ. ಮದುವೆಯಾಗಿ ಚಳ್ಳಕೆರೆಯ ನಮ್ಮ ಮನೆಗೆ ಬಂದು ಇನ್ನೂ ಐದು ತಿಂಗಳು. ಸಂಜೆ ಶಾಲೆಯಿಂದ ಬಂದು, ಕೈಕಾಲು ತೊಳೆದು, ಟೀ ಕುಡಿದು, ಹಾಲ್‌ನಲ್ಲಿ ಕಾಲು ಮಡಚಿ ಕೂತು ಅದರಲ್ಲಿ ಏನೋ ಬರೆಯುತ್ತಾಳೆ. ಗಡಿಯಾರ ನೋಡಿಕೊಂಡು ಹತ್ತೇ ನಿಮಿಷ. ಅದೇನಮ್ಮ ಎಂದು ಒಮ್ಮೆ ಕೇಳಿದೆ.

"ದಿನಾ ಸಂಜೆ ನಮ್ಮನ್ನ ನಾವೇ ನೋಡ್ಕೊಳ್ಳೋದು ಅತ್ತೆ. ಇವತ್ತು ಏನು ಚೆನ್ನಾಗಿ ಮಾಡ್ದೆ, ಎಲ್ಲಿ ಎಡವಿದೆ, ನಾಳೆ ಏನು ತಿದ್ಕೋಬೇಕು, ಅಷ್ಟೇ. ಹಿಂಗ್ ಮಾಡಿದ್ರೆ ಕೆಲಸ ಚುರುಕಾಗ್ತೈತೆ" ಅಂದಳು.

ಕೇಳುವುದಕ್ಕೆ ಚೆನ್ನಾಗಿಯೇ ಇತ್ತು. ಆದರೆ ನಾನು ಪಕ್ಕದಲ್ಲಿ ಹಾದುಹೋದರೆ ಅವಳು ಪುಸ್ತಕ ಮುಚ್ಚುತ್ತಾಳೆ. ನೀವೇ ಹೇಳಿ, ಯಾವ ಅತ್ತೆಗೆ ಅನುಮಾನ ಬರುವುದಿಲ್ಲ? ಅವಳು ಎಡವಿದ್ದು ಎಲ್ಲಿ ಎಂದು ಬರೆಯುತ್ತಾಳೋ, ಅವಳನ್ನು ಎಡವಿಸಿದ್ದು ಯಾರು ಎಂದು ಬರೆಯುತ್ತಾಳೋ! ಇವತ್ತು ಸಂಜೆ ಅವಳು ಒಣಗಿದ ಬಟ್ಟೆ ತರಲು ಮಹಡಿಗೆ ಹೋದಳು. ಪುಸ್ತಕ ಕಟ್ಟೆಯ ಮೇಲೇ ಇತ್ತು. ನಾನು ಕೈ ಒರೆಸಿಕೊಂಡು, ಮಹಡಿಯ ಮೆಟ್ಟಿಲ ಕಡೆ ಒಂದು ಕಣ್ಣಿಟ್ಟು, ರಟ್ಟಿನ ಮೇಲೆ ಬೆರಳೂ ಇಟ್ಟೆ. ಅಷ್ಟರಲ್ಲಿ ಕಿಟಕಿಯಿಂದ ನೆನೆಸಿದ ಶೇಂಗಾ ಹಿಂಡಿಯ ವಾಸನೆ ಬಂತು. ಹಿಂದಿನ ಮನೆಯವರು ಈಚೆಗೆ ಹಸು ಕಟ್ಟಿದ್ದಾರೆ. ಆ ವಾಸನೆ ಮೂಗಿಗೆ ಬಿದ್ದದ್ದೇ ನನ್ನ ಬೆರಳು ತಾನಾಗಿ ಹಿಂದಕ್ಕೆ ಬಂತು.

ಏಕೆಂದರೆ ನಾನೂ ಒಂದು ಕಾಲಕ್ಕೆ ಇಂಥದೇ ಪುಸ್ತಕ ಬರೆದವಳು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಪಿಯುಸಿ ಪಾಸಾದವಳೆಂಬ ಜಂಬ ಹೊತ್ತು ನಾನು ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರಕ್ಕೆ ಸೊಸೆಯಾಗಿ ಹೋದೆ. ಮನೆಯಲ್ಲಿ ನಾವು ಮೂರೇ ಜನ. ಮಾವ ತೀರಿಕೊಂಡು ಎರಡು ವರ್ಷವಾಗಿತ್ತು. ನಮ್ಮ ಯಜಮಾನರು ಬೆಳಿಗ್ಗೆ ಬಸ್ಸಿಗೆ ಮೊಳಕಾಲ್ಮೂರಿಗೆ ಹೋಗಿ, ಅಲ್ಲಿ ಯಾರದೋ ಮಗ್ಗದಲ್ಲಿ ರೇಷ್ಮೆ ಸೀರೆ ನೇಯ್ದು, ಕತ್ತಲಾದ ಮೇಲೆ ಬರುತ್ತಿದ್ದರು. ಹಗಲೆಲ್ಲ ನಾನು, ಅತ್ತೆ, ಮತ್ತು ನಲ್ಲಮ್ಮ. ನಲ್ಲಮ್ಮ ಅಂದರೆ ತೆಲುಗಿನಲ್ಲಿ ಕರಿಯಮ್ಮ. ಅತ್ತೆ ಗಡಿಯಾಚೆ ಆಂಧ್ರದ ಹಳ್ಳಿಯವರು. ಅವರ ತವರಿನಿಂದ ಬಂದ ಎಮ್ಮೆ ಅದು.

ತವರಿನಿಂದ ನಾನು ತಂದ ಸಾಮಾನಿನಲ್ಲಿ ಒಂದು ಡೈರಿಯೂ ಇತ್ತು. ನಮ್ಮಣ್ಣ ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಹೊಸ ವರ್ಷಕ್ಕೆ ಮಿಲ್ಲಿನವರು ಕೊಟ್ಟ ಡೈರಿಯನ್ನು ನನಗೆ ಕೊಟ್ಟಿದ್ದ. ಯಾವುದೋ ವಾರಪತ್ರಿಕೆಯಲ್ಲಿ, ದಿನವೂ ಸಂಜೆ ಒಂದು ಪುಟ ಆತ್ಮಾವಲೋಕನ ಮಾಡಿಕೊಂಡರೆ ವ್ಯಕ್ತಿತ್ವ ಬೆಳೆಯುತ್ತದೆ ಎಂದು ಓದಿದ್ದೆ. ವ್ಯಕ್ತಿತ್ವ ಬೆಳೆಸಿಕೊಳ್ಳುವ ಆಸೆ ನನಗೆ ಬಹಳ. ದಿನಾ ದೀಪ ಹಚ್ಚುವ ಹೊತ್ತಿಗೆ ಬಾಗಿಲ ಬಳಿ ಕೂತು ಬರೆಯುತ್ತಿದ್ದೆ. ಆಮೇಲೆ ಒಂದು ದಿನ ಆ ಡೈರಿಯನ್ನು ತಿರುವಿ ಹಾಕಿದಾಗ ನನಗೇ ನಗು ಬಂತು. ಅತ್ತೆ ಇವತ್ತು ಹೀಗಂದರು, ಅತ್ತೆ ಇವತ್ತು ಹಾಗೆ ನೋಡಿದರು, ಅತ್ತೆ ನನ್ನನ್ನು ಹೆಸರು ಹಿಡಿದು ಕರೆಯದೆ 'ಚಳ್ಳಕೆರೆಯೋಳೇ' ಅಂತಾರೆ, ಅತ್ತೆ ಸಾರಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಏಳು ತಿಂಗಳ ಆತ್ಮಾವಲೋಕನದಲ್ಲಿ 'ನಾನು' ಎಂಬುವಳು ಹುಡುಕಿದರೂ ಸಿಗುತ್ತಿರಲಿಲ್ಲ.

ನಾನು ಬರೆಯುವ ಆ ಹೊತ್ತಿಗೇ ಅತ್ತೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದರು. ಕರೆಯುವಷ್ಟೂ ಹೊತ್ತು ಎಮ್ಮೆಯ ಜೊತೆ ಮಾತು. ಅದೂ ತೆಲುಗಿನಲ್ಲಿ. ಮನೆಯಲ್ಲಿ ದಿನಕ್ಕೆ ಹತ್ತು ಮಾತೂ ಆಡದ ಹೆಂಗಸು ಅಲ್ಲಿ ಒಂದೇ ಸಮನೆ, ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ನನಗೆ ಬರುತ್ತಿದ್ದದ್ದು ಚಳ್ಳಕೆರೆ ಸಂತೆಯಲ್ಲಿ ಕಲಿತ ನಾಲ್ಕು ತೆಲುಗು ಮಾತು. ಆ ನಾಲ್ಕರಲ್ಲಿ ಒಂದು 'ಕೋಡಲು', ಅಂದರೆ ಸೊಸೆ. ಅದು ಎರಡು ದಿನಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತಿತ್ತು. ಸರಿ, ಈಕೆ ನನ್ನ ಮೇಲಿನ ಚಾಡಿಯನ್ನೆಲ್ಲ ಎಮ್ಮೆಗೆ ಹೇಳುತ್ತಾಳೆ ಎಂದು ನಾನು ತೀರ್ಮಾನ ಮಾಡಿಬಿಟ್ಟೆ. ಮನುಷ್ಯರ ಹತ್ತಿರ ಹೇಳಿದ್ದರೆ ಹೋಗಿ ಜಗಳವಾದರೂ ಆಡಬಹುದಿತ್ತು.

ಒಂದು ಸೋಮವಾರ ರೋಸಿಹೋಗಿ ಅಣ್ಣನಿಗೆ ಇನ್‌ಲ್ಯಾಂಡ್ ಲೆಟರ್ ಬರೆದೆ. ಅತ್ತೆ ದಿನಾ ಬೈಯುತ್ತಾರೆ, ಹೊಟ್ಟೆ ತುಂಬ ಊಟವೂ ಇಲ್ಲ, ಭಾನುವಾರ ಬಂದು ನನ್ನನ್ನು ಕರೆದುಕೊಂಡು ಹೋಗು, ಮತ್ತೆ ನಾನು ಈ ಮನೆಯ ಮೆಟ್ಟಿಲು ಹತ್ತುವುದಿಲ್ಲ. ಬೈದದ್ದು ಒಂದು ದಿನವೂ ಇಲ್ಲ. ಊಟದ ಮಾತಂತೂ ಶುದ್ಧ ಸುಳ್ಳು. ಆ ಏಳು ತಿಂಗಳಲ್ಲಿ ನಾನು ಮದುವೆಯ ರವಿಕೆಗಳ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಂಡಿದ್ದೆ. ಆದರೆ ಬರೆಯುವ ಕೈಗೆ ಒಮ್ಮೆ ಓಟ ಹತ್ತಿದರೆ ನಿಲ್ಲುವುದಿಲ್ಲ ನೋಡಿ.

ಬುಧವಾರ ಅತ್ತೆ ಮೇವಿನ ಹೊರೆ ಹೊತ್ತು ಬರುವಾಗ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ನಾಟಿ ವೈದ್ಯರು ಬಿದಿರು ದಬ್ಬೆ ಇಟ್ಟು ಕಟ್ಟು ಕಟ್ಟಿ, ಒಂದೂವರೆ ತಿಂಗಳು ಕೈ ಅಲುಗಿಸಬಾರದು ಅಂದರು. ಬೆಳಗಿನ ಹಾಲನ್ನು ನಮ್ಮ ಯಜಮಾನರು ಬಸ್ಸಿಗೆ ಮುಂಚೆ ಕರೆಯಬಹುದು. ಸಂಜೆಯದು ನನ್ನ ಪಾಲಿಗೆ ಬಂತು. ಆ ಸಂಜೆ ನಲ್ಲಮ್ಮ ನನ್ನನ್ನು ಕಂಡು ಒಮ್ಮೆ ಬುಸ್ ಎಂದಳು. ಕರು ಬಿಟ್ಟೆ, ಹಿಂಡಿ ಇಟ್ಟೆ, ಕೆಚ್ಚಲು ತೊಳೆದೆ. ಚೊಂಬಿನ ತಳ ಮುಚ್ಚುವಷ್ಟು ಹಾಲೂ ಬರಲಿಲ್ಲ. ಬಾಲದ ಏಟು ಮಾತ್ರ ಕೆನ್ನೆಗೆ ಧಾರಾಳವಾಗಿ ಸಿಕ್ಕಿತು.

ಗುರುವಾರ ಅತ್ತೆ ಕಟ್ಟು ಕಟ್ಟಿದ ಕೈ ಹಿಡಿದುಕೊಂಡು ಬಂದು ಕೊಟ್ಟಿಗೆಯ ಹೊಸ್ತಿಲ ಮೇಲೆ ಕೂತರು.

"ಮಾತಾಡ್ಸವ್ವ ಅದನ್ನ. ಬಾಯಿ ಮುಚ್ಕೊಂಡು ಕೂತ್ರೆ ಹಾಲು ಬಿಡಲ್ಲ ಅದು" ಅಂದರು.

"ಏನಂತ ಮಾತಾಡ್ಲಿ ಅತ್ತೆ?"

"ಇವತ್ತು ನೀನೇನು ಮಾಡ್ದೆ ಅದನ್ನ ಹೇಳು. ಬೇರೆಯೋರು ಮಾಡಿದ್ದು ಬ್ಯಾಡ. ಊರೋರ ಸುದ್ದಿ ತೆಗೆದ್ರೆ ಬಾಲ ಬೀಸ್ತೈತೆ."

"ಕನ್ನಡದಾಗೆ ಹೇಳ್ಲಾ?"

"ಅದಕ್ಕೆಲ್ಲಿ ಕನ್ನಡ ಬರ್ತೈತೆ, ನಮ್ ತವರಿನ ಎಮ್ಮೆ."

ನಾನು ಚೊಂಬು ಹಿಡಿದುಕೊಂಡೇ ಕೇಳಿದೆ. "ನೀವೂ ದಿನಾ ಅದನ್ನೇ ಹೇಳ್ತಿದ್ರಾ?"

"ಮತ್ತಿನ್ನೇನು. ನಾನು ಮಾಡಿದ್ ತಪ್ಪು ಒಪ್ಪು ಯಾರ್ ಮುಂದೆ ಹೇಳ್ಲಿ? ನಿಮ್ಮ ಮಾವ ಇದ್ದಾಗ ಅವ್ರ ಹತ್ರ ಹೇಳ್ತಿದ್ದೆ. ಅವ್ರು ಹೋದ್ಮೇಲೆ ಇದ್ರ ಹತ್ರ."

ಆಗ ನನಗೆ ಹೊಳೆಯಿತು. ಆಕೆ ಇಷ್ಟು ದಿನ 'ಕೋಡಲು' ಎಂದದ್ದೆಲ್ಲ ಸೊಸೆಯ ತಪ್ಪಲ್ಲ, ಸೊಸೆಯ ವಿಷಯದಲ್ಲಿ ತಾನು ಮಾಡಿದ ತಪ್ಪು. ನಾನು ಬರೆದ ಕಾಗದ ಅಷ್ಟರಲ್ಲಿ ಚಳ್ಳಕೆರೆ ಮುಟ್ಟಿರುತ್ತದೆ. ಭಾನುವಾರ ಅಣ್ಣ ಬರುತ್ತಾನೆ. ಕೈ ಮುರಿದುಕೊಂಡು ಕೂತ ಈ ವಿಧವೆ ಹೆಂಗಸಿನ ಮುಂದೆ ನಿಂತು ಅವನು ಏನೇನು ಕೇಳುತ್ತಾನೋ!

ಆ ದಿನ ಎಮ್ಮೆಗೆ ಸಣ್ಣಪುಟ್ಟದ್ದನ್ನೇ ಹೇಳಿದೆ. ಮುದ್ದೆಯಲ್ಲಿ ಗಂಟು ಬಿತ್ತು, ಕೊಡ ಒಡೆದೆ, ಇಂಥವು. ಗೊತ್ತಿಲ್ಲದ ತೆಲುಗು ಮಾತನ್ನು ಹೊಸ್ತಿಲ ಮೇಲಿಂದ ಅತ್ತೆ ಎತ್ತಿಕೊಟ್ಟರು. ಒಂದು ಪಾವಿನಷ್ಟು ಹಾಲು ಬಂತು. ಶುಕ್ರವಾರ ಅತ್ತೆ ಬರಲಿಲ್ಲ, ಒಳಗೆ ಮಲಗಿದ್ದಾರೆಂದುಕೊಂಡೆ. ನಲ್ಲಮ್ಮನ ಹೊಟ್ಟೆಗೆ ಹಣೆ ಆನಿಸಿ, ನನ್ನ ಹತ್ತಿರ ಇದ್ದಷ್ಟು ತೆಲುಗನ್ನು ಒಟ್ಟುಮಾಡಿ ಹೇಳಿದೆ. "ಮಾ ಅನ್ನಕು ಉತ್ತರಂ ರಾಸ್ನಾನು. ಅದಿ ಅಬದ್ಧಂ. ಅತ್ತ ಮಂಚಿದಿ. ತಪ್ಪು ನಾದೇ." ನಮ್ಮಣ್ಣನಿಗೆ ಕಾಗದ ಬರೆದೆ. ಅದು ಸುಳ್ಳು. ಅತ್ತೆ ಒಳ್ಳೆಯವರು. ತಪ್ಪು ನನ್ನದೇ.

ಇದೇ ಮಾತನ್ನು ಕನ್ನಡದಲ್ಲಿ ಬರೆದಿದ್ದರೆ ಮೂರು ಪುಟವಾಗುತ್ತಿತ್ತು. ಆದರೂ, ಏಕೆಂದರೆ, ಹಾಗೆ ನೋಡಿದರೆ, ನಾನೊಬ್ಬಳೇ ಅಲ್ಲ ಎಂದೆಲ್ಲ ಸೇರಿಸಿ ಕೊನೆಗೆ ತಪ್ಪು ಅಂಚೆಯವನದೇ ಎಂದಾಗುತ್ತಿತ್ತು. ತೆಲುಗಿನಲ್ಲಿ ನನಗೆ ನೆವ ಹೇಳಲು ಬರುತ್ತಿರಲಿಲ್ಲ. ಬರುತ್ತಿದ್ದದ್ದು ನಿಜ ಹೇಳುವಷ್ಟೇ. ಹೇಳಿ ಮುಗಿಸುವಾಗ ಅಳುತ್ತಿದ್ದೆ, ಚೊಂಬು ತುಂಬುತ್ತಿತ್ತು. ಎಮ್ಮೆ ನನ್ನ ಪಶ್ಚಾತ್ತಾಪಕ್ಕೆ ಕರಗಿತೆಂದು ನಾನು ವಾದಿಸುವುದಿಲ್ಲ. ಬಹುಶಃ ಕೈಯ ಬಿಗಿ ಸಡಿಲವಾಗಿತ್ತು, ಅಷ್ಟೇ. ಚೊಂಬು ಎತ್ತಿಕೊಂಡು ತಿರುಗಿದರೆ ಹೊಸ್ತಿಲಾಚೆ ಅತ್ತೆಯ ಸೀರೆಯ ಸೆರಗು ಕಂಡಿತು.   ರಾತ್ರಿ ಊಟಕ್ಕೆ ಕೂತಾಗ ಅವರು, "ಭಾನುವಾರಕ್ಕೆ ಒಂದಿಷ್ಟು ಮೊಸರು ಹೆಪ್ಪಾಕು. ಯಾರಾದ್ರೂ ಬಂದ್ರೆ ಇರ್ಲಿ" ಅಂದರು.

ಶನಿವಾರ ಸಂಜೆ ನಾನು ಹಾಲು ಕರೆಯುತ್ತಿದ್ದೆ. ಅತ್ತೆ ಬಂದು ನಲ್ಲಮ್ಮನ ತಲೆಯ ಹತ್ತಿರ ನಿಂತು, ಎಡಗೈಯಲ್ಲಿ ಅದರ ಕೋಡು ಹಿಡಿದುಕೊಂಡು ಮಾತಾಡತೊಡಗಿದರು. ಕನ್ನಡದಲ್ಲಿ.

"ನಲ್ಲಮ್ಮ, ಸೊಸೆ ಬಂದು ಏಳು ತಿಂಗಳಾತು. ಚಳ್ಳಕೆರೆಯೋಳು ಚಳ್ಳಕೆರೆಯೋಳು ಅಂತ ಕರೆದ್ನೇ ಹೊರ್ತು ಒಂದಿನ ಹೆಸ್ರು ಹಿಡಿದು ಕರೀಲಿಲ್ಲ. ಅವಳು ಮಾಡಿದ ಹುಳ್ಳಿ ಸಾರು ಎರಡು ಸಲ ಹಾಕ್ಕೊಂಡು ಉಂಡೆ, ಚೆನ್ನಾಗೈತೆ ಅಂತ ಬಾಯಿ ಬಿಡ್ಲಿಲ್ಲ. ಇದು ನಂದು ತಪ್ಪು."

ಹುಟ್ಟಿದಂದಿನಿಂದ ತೆಲುಗು ಕೇಳಿದ ಎಮ್ಮೆ ಕಿವಿ ನಿಮಿರಿಸಿ ಆಕೆಯನ್ನೇ ನೋಡಿತು. ಆಮೇಲೆ ಅತ್ತೆ ನನ್ನ ಹೆಸರು ಹಿಡಿದು ಕರೆದು, ಚೊಂಬು ಓರೆಯಾಗೈತೆ ನೋಡು ಅಂದರು. ಓರೆಯಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಅಣ್ಣ ಮುಖ ಗಂಟಿಕ್ಕಿಕೊಂಡು ಬಸ್ಸಿಳಿದು ಬಂದ. ಅವನು ಚಪ್ಪಲಿ ಬಿಡುವುದರೊಳಗೆ ನಾನು ಅತ್ತೆಯ ಮುಂದೆಯೇ ಹೇಳಿಬಿಟ್ಟೆ. "ಅಣ್ಣ, ಕಾಗದದಾಗೆ ಬರೆದಿದ್ದು ಸುಳ್ಳು. ನಾನೇ ಸಿಟ್ಟಿಗೆ ಬರೆದೆ." ಅವನು ನನ್ನನ್ನು, ನನ್ನ ತುಂಬಿದ ಕೆನ್ನೆಯನ್ನು, ಅತ್ತೆಯ ಕೈಕಟ್ಟನ್ನು ಒಂದೊಂದಾಗಿ ನೋಡಿದ.

"ಇದನ್ನ ಕೇಳಕ್ಕೆ ನಾನು ಅರ್ಧ ದಾರಿ ನಿಂತ್ಕೊಂಡು ಬಂದ್ನಾ?" ಅಂದ.

"ಬಾರಪ್ಪ, ಮೊಸರೈತೆ, ಉಣ್ಣು" ಅಂದರು ಅತ್ತೆ. ಅಣ್ಣ ಎರಡು ಮುದ್ದೆ ಉಂಡು, ಮೊಸರನ್ನ ಉಂಡು, ಮಧ್ಯಾಹ್ನ ನಿದ್ದೆಯನ್ನೂ ಮಾಡಿ ಹೋದ. ಮುಂದಿನ ಸಲ ಬಂದಾಗ ಮಿಲ್ಲಿನಿಂದ ಒಂದು ಚೀಲ ಶೇಂಗಾ ಹಿಂಡಿ ಹೊತ್ತು ತಂದ. ಅದು ತಂಗಿಗಲ್ಲ, ಎಮ್ಮೆಗೆ.

ಅತ್ತೆಯ ಕೈ ಸರಿಹೋದ ಮೇಲೆ ನಾವು ಸರದಿಯ ಮೇಲೆ ಕರೆಯತೊಡಗಿದೆವು. ಒಬ್ಬರು ಕರೆಯುವಾಗ ಇನ್ನೊಬ್ಬರು ಹೊಸ್ತಿಲ ಹತ್ತಿರ ಏನೋ ಕೆಲಸ ಮಾಡಿಕೊಂಡಿರುವುದು. ಕೊಟ್ಟಿಗೆಯಲ್ಲಿ ಕೇಳಿದ್ದನ್ನು ಮನೆಯೊಳಗೆ ಎತ್ತಬಾರದು, ಇದು ಯಾರೂ ಹೇಳದ ಕಟ್ಟಳೆ. ಡೈರಿ ನಿಂತುಹೋಯಿತು. ವರ್ಷಗಳು ಕಳೆದಂತೆ ನನ್ನ ತೆಲುಗು ಸುಧಾರಿಸಿ ಅದರಲ್ಲೂ ನೆವ ಹೇಳಲು ಕಲಿತೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಹಾಗಾದಾಗಲೆಲ್ಲ ಬಾಲದ ಏಟು ಬಿದ್ದಿದೆ. ನಲ್ಲಮ್ಮ ಹೋದಳು, ಅತ್ತೆ ಹೋದರು, ನಾವು ಚಳ್ಳಕೆರೆಗೆ ಬಂದು ಪ್ಯಾಕೆಟ್ ಹಾಲಿನವರಾದೆವು. ಹಾಲಿನ ಜೊತೆ ಆ ಮಾತೂ ನಿಂತಿತು. ಎಷ್ಟು ವರ್ಷವಾಯಿತು ನಾನು ನನ್ನ ಒಂದು ತಪ್ಪನ್ನು ಬಾಯಿಬಿಟ್ಟು ಹೇಳಿ ಎಂದು ಲೆಕ್ಕ ಹಾಕಿದರೆ ನಾಚಿಕೆಯಾಗುತ್ತದೆ.

ಕಾವ್ಯ ಬಟ್ಟೆ ತಂದು ಮಡಚಿಟ್ಟು, ಪುಸ್ತಕ ತೆಗೆದುಕೊಂಡು ಹಾಲ್‌ನಲ್ಲಿ ಕೂತಳು. ನಾನು ಪ್ಯಾಕೆಟ್ ಕತ್ತರಿಸಿ ಹಾಲು ಒಲೆಯ ಮೇಲಿಟ್ಟೆ. ಪಾತ್ರೆಯ ಕಡೆ ನೋಡುತ್ತ, "ಈ ಪೊದ್ದು ನೇನು..." ಎಂದು ಶುರುಮಾಡಿದೆ. 'ಇವತ್ತು ನಾನು' ಎನ್ನಲು ಬಾಯಿಗೆ ತೆಲುಗೇ ಬಂತು. ಕಾವ್ಯಳಿಗೆ ತೆಲುಗು ಬಾರದು. ಇದು ನ್ಯಾಯವಲ್ಲ ಅನ್ನಿಸಿತು. ಸೌಟು ಕೆಳಗಿಟ್ಟು, ಹಾಲ್‌ಗೆ ಕೇಳುವ ಹಾಗೆ, ಕನ್ನಡದಲ್ಲಿ ಮೊದಲಿಂದ ಹೇಳಿದೆ.

"ಇವತ್ತು ಸೊಸೆ ಪುಸ್ತಕದ ಮೇಲೆ ಕೈ ಇಟ್ಟೆ. ತೆಗೀಲಿಲ್ಲ. ತೆಗೀಬೇಕು ಅಂತ ಮನಸ್ಸಿತ್ತು. ಅವಳು ನನ್ನ ಮೇಲೆ ಬರೀತಾಳೆ ಅಂದ್ಕೊಂಡಿದ್ದೆ. ಬೆಳಿಗ್ಗೆ ಅವಳು ಮಾಡಿದ ಚಿತ್ರಾನ್ನ ಚೆನ್ನಾಗಿತ್ತು, ಅದನ್ನೂ ಹೇಳ್ಲಿಲ್ಲ. ತಪ್ಪು ನಂದು."

ಹಾಲ್‌ನಲ್ಲಿ ಪೆನ್ನಿನ ಸದ್ದು ನಿಂತಿತು. ನಾನು ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಅವಳು ಬಂದು ನನ್ನ ಪಕ್ಕದಲ್ಲಿ ನಿಂತಳು. ಪುಸ್ತಕ ಕೈಯಲ್ಲೇ ಇತ್ತು, ಬೆರಳು ಪುಟದ ನಡುವೆ. ನನ್ನ ಮುಖ ನೋಡದೆ, ಒಲೆಯನ್ನೇ ನೋಡುತ್ತ ಹೇಳಿದಳು.

"ಅತ್ತೆ, ಹಾಲು ಉಕ್ತೈತೆ."

ನೋಡಿದೆ. ಹಾಲು ಇನ್ನೂ ಬೆಚ್ಚಗೂ ಆಗಿರಲಿಲ್ಲ.