ಬಾಗಿಲ ಪಕ್ಕದ ಜೋಡಿ ಸ್ಟಡ್

ಮರಾಠಿ ನಾಡಿನ ಭೋಸರಿಯ ಒಂದು ಶೆಡ್ಡಿನಲ್ಲಿ ಲೋಹದ ಗೋಡೆಗಳ ಚೌಕಟ್ಟು ಜೋಡಿಸುವುದು ಸಾವಂತ್ರವ್ವನ ಕೆಲಸ. ಇಂಡಿ ಕಡೆಯವಳು. ಹನ್ನೊಂದು ವರ್ಷದಿಂದ ಸ್ಕ್ರೂ ಮಷಿನ್ ಹಿಡಿದಿದ್ದಾಳೆ. ಗೋಡೆಯೊಳಗೆ ನೆಟ್ಟಗೆ ನಿಲ್ಲುವ ತಗಡಿನ ಕಂಬಕ್ಕೆ ಅಲ್ಲಿ ಸ್ಟಡ್ ಅನ್ನುತ್ತಾರೆ. ಒಂದು ಬದಿ ಚಪ್ಪಟೆ ಬೆನ್ನು, ಇನ್ನೊಂದು ಬದಿ ತೆರೆದ ಬಾಯಿ.

ಈಚೆಗೆ ಡ್ರಾಯಿಂಗಿನ ಲೆಕ್ಕದಂತೆ ಬಂದ ಸ್ಟಡ್ ಪ್ರತಿ ಆರ್ಡರಿಗೂ ಸಾಲದಾಗಿತ್ತು. ಕಾರಣ ಹುಡುಕುತ್ತ ಡ್ರಾಯಿಂಗ್ ಮಾಡುವ ಶ್ರೀನಾಥ್ ಮೇಲಿನ ಆಫೀಸಿನಿಂದ ಇಳಿದು ಬಂದ. ಹಾಸನದವನು, ಸೇರಿ ಐದು ತಿಂಗಳಾಗಿತ್ತು.

"ಬಾಗಲಾ ಇದ್ದಲ್ಲಿ ನಾನ ಎರಡು ಹಾಕೀನ್ರಿ ಸಾಹೇಬ್ರ," ಅಂದಳು ಸಾವಂತ್ರವ್ವ. "ಒಂದ ಇದ್ರ ಬಾಗಲಾ ಬಡಿದಾಗೆಲ್ಲ ಗ್ವಾಡಿ ನಡಗತದ. ಡ್ರಾಯಿಂಗ್ನ್ಯಾಗ ಒಂದ ಸಾಕು ಅಂತ ಯಾರು ಹೇಳ್ಯಾರಿ?"

ಶ್ರೀನಾಥ್ ಕೈಯಲ್ಲಿದ್ದ ಡ್ರಾಯಿಂಗ್ ನೋಡಿದ. ಯಾರೂ ಹೇಳಿರಲಿಲ್ಲ. "ಮಾವಶಿ, ಮೇಲೆ ಬನ್ನಿ, ತೋರಿಸ್ತೀನಿ," ಅಂದ, ಶೆಡ್ಡಿನವರಂತೆ ಮರಾಠಿಯಲ್ಲಿ ಚಿಕ್ಕಮ್ಮ ಅಂತ ಕರೆದು.

ಅಷ್ಟು ವರ್ಷದಲ್ಲಿ ಅವಳು ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಕಂಪ್ಯೂಟರಿನ ತೆರೆಯ ಮೇಲೆ ಗೋಡೆ ನಿಂತಿತ್ತು. ಪಕ್ಕದಲ್ಲಿ ಪಟ್ಟಿ: ನಡುವಿನ ಸ್ಟಡ್ ಯಾವ ಬಗೆಯದು, ಮೂಲೆಯದು ಯಾವುದು, ಬಾಗಿಲ ಪಕ್ಕದ್ದು ಯಾವುದು. ಒಂದೊಂದಕ್ಕೂ ಆರಿಸಿಕೊಳ್ಳಲು ಪುಟ್ಟ ಚಿತ್ರಗಳು. ಇಂಗ್ಲಿಷ್ ಅವಳಿಗೆ ಓದಲು ಬರುತ್ತಿರಲಿಲ್ಲ. ಚಿತ್ರಗಳೆಲ್ಲ ಗುರುತು ಸಿಕ್ಕವು.

"ಇವನ್ನೆಲ್ಲ ನೀವ ಆರಿಸೀರೇನ್ರಿ?"

"ಇಲ್ಲ, ಸಾಫ್ಟ್‌ವೇರ್‌ನಲ್ಲಿ ಮೊದಲಿಂದ ಇದ್ದಿದ್ದನ್ನೇ ಹಾಗೇ ಬಿಟ್ಟಿದ್ದೆ," ಅಂದ ಆತ ಸಂಕೋಚದಿಂದ. ಬಾಗಿಲಿಗೆ ಜೋಡಿ ಸ್ಟಡ್ ಆರಿಸಿದ. ಇಡೀ ಕಟ್ಟಡದ ಬಾಗಿಲುಗಳೆಲ್ಲ ಒಂದೇ ಸಲಕ್ಕೆ ಬದಲಾದವು. ಸಾವಂತ್ರವ್ವ ಕುರ್ಚಿ ಮುಂದಕ್ಕೆಳೆದುಕೊಂಡು ಕೂತಳು.

"ತಡೀರಿ. ಇವು ಬೆನ್ನಿಗೆ ಬೆನ್ನು ಹಚ್ಚಿ ನಿಂತಾವ. ಬಾಯಿ ಬಾಗಲ ಕಡೆ ಬಂತಲ್ಲ, ಬಾಗಲ ಚೌಕಟ್ಟಿನ ಸ್ಕ್ರೂ ಎಲ್ಲಿ ಹಿಡೀಬೇಕು? ಎದುರುಬದುರು ನಿಂತದ್ದು ಅದ ಏನು?"

ಇತ್ತು. ಮೂರನೆಯ ಚಿತ್ರ. ಎರಡು ಬಾಯಿ ಕೂಡಿ ಡಬ್ಬಿಯಾಗಿದ್ದವು, ಚಪ್ಪಟೆ ಬೆನ್ನು ಬಾಗಿಲ ಕಡೆಗಿತ್ತು. ಆತ ಅದನ್ನು ಆರಿಸಿ ಹಿರಿಯ ಎಂಜಿನಿಯರ್ ಮಧುಕರ್ ಅವರಿಗೆ ಕಳಿಸಿದ. ಅವರು ಭಾರದ ಲೆಕ್ಕ ನೋಡಿ ಒಪ್ಪಿದರು. ಬಾರಾಮತಿಯ ಕಾಲೇಜಿಗೆ ಹೋದ ಮುಂದಿನ ಗೋಡೆಗಳಿಗೆ ಸ್ಟಡ್ ಸರಿಯಾಗಿ ಸಾಕಾಯಿತು.

ಈಗ ಪ್ರತಿ ಹೊಸ ಡ್ರಾಯಿಂಗ್ ಕೆಳಗಿಳಿಯುವ ಮುಂಚೆ ಸಾವಂತ್ರವ್ವ ಮೇಲೆ ಹೋಗುತ್ತಾಳೆ. ಮೊನ್ನೆ ಶ್ರೀನಾಥ್ ಮೌಸ್ ಅವಳ ಕೈಗೇ ಕೊಟ್ಟ. ಅವಳು ಒಂದೊಂದೇ ಚಿತ್ರ ಒತ್ತಿ ನೋಡುತ್ತ ಹೋದಳು. ಎರಡು ಗೋಡೆ ಕೂಡುವಲ್ಲಿಗೆ ಬಂದಾಗ ಕೈ ನಿಲ್ಲಿಸಿ ಅವನತ್ತ ತಿರುಗಿದಳು.

"ಈ ಮೂಲ್ಯಾಗ ಒಳಗಿನ ಬದಿ ಸ್ಟಡ್ಡ ಇಲ್ಲ, ಗ್ವಾಡಿ ಮುಚ್ಚೋ ಬೋರ್ಡ್ ಯಾವುದಕ್ಕ ಬಡೀಬೇಕ್ರಿ?"

ಶ್ರೀನಾಥ್ ತೆರೆಯ ಹತ್ತಿರ ಬಗ್ಗಿ ಮೂಲೆಯ ಬೇರೆ ಚಿತ್ರ ಹುಡುಕತೊಡಗಿದ.