ಮೇಜಿನ ಅಡಿಗೂ ಎಣ್ಣೆ ಹಚ್ಚುವ ಸುಂದರಮ್ಮ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಕೊಯಮತ್ತೂರು ಬಳಿಯ ತುಡಿಯಲೂರಿನ ಮರದ ಶೆಡ್ಡಿನಲ್ಲಿ ಸುಂದರಮ್ಮ ಕಣ್ಣು ಮುಚ್ಚಿ ನಿಂತಿದ್ದಾರೆ. ಗರಗಸದಿಂದ ಬಂದ ಏಳಡಿ ಉದ್ದದ ಹಲಸಿನ ಹಲಗೆಯ ಮೇಲೆ ಅಂಗೈ ಮೆಲ್ಲಗೆ ಓಡುತ್ತಿದೆ. ಒಂದು ಕಡೆ ಕೈ ತಡೆಯುತ್ತದೆ. “ಇಲ್ಲೊಂದು ಸಿಬಿರು ಒಳಗೊಳಗೇ ಕೂತಿದೆ. ಕಣ್ಣಿಗೆ ಸಿಗಲ್ಲ, ನಾಳೆ ಯಾರದೋ ಸೀರೆಗೆ ಸಿಗುತ್ತೆ,” ಎನ್ನುತ್ತಾರೆ.

ಗರಗಸದ ಗೀರುಗಳನ್ನು ಮೆಷಿನ್ ತೆಗೆಯುತ್ತದೆ. ಆಮೇಲಿನದೆಲ್ಲ ಇವರ ಕೈಕೆಲಸ. ಮರಳುಕಾಗದಕ್ಕೆ ಇಲ್ಲಿನವರು ಉಪ್ಪುತಾಳ್ ಎನ್ನುತ್ತಾರೆ. ಎಂಬತ್ತನೇ ನಂಬರಿನ ಒರಟು ಕಾಗದದಿಂದ ಶುರುಮಾಡಿ ಇನ್ನೂರನಲವತ್ತರ ನಯಕ್ಕೆ ಬರುವಷ್ಟರಲ್ಲಿ ಒಂದೂವರೆ ದಿನ ಬೇಕು. ಕೊನೆಗೆ ತಿರುಪ್ಪೂರಿನ ಬನಿಯನ್ ವೇಸ್ಟಿನಿಂದ ಎರಡು ಸಲ ಅಗಸೆ ಎಣ್ಣೆ ತಿಕ್ಕುತ್ತಾರೆ.

ಆ ಬನಿಯನ್ ಬಟ್ಟೆ ಇವರ ಹಳೆಯ ನಂಟು. ಐವತ್ತಾರರ ಸುಂದರಮ್ಮ ಹತ್ತೊಂಬತ್ತು ವರ್ಷ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಮಾಡುತ್ತಿದ್ದವರು. ಕಂಪನಿ ಮುಚ್ಚಿದ ಮೇಲೆ ರಾಮಲಿಂಗಂ ಅವರ ಈ ಶೆಡ್ಡಿಗೆ ಮರದ ಪುಡಿ ಗುಡಿಸಲು ಬಂದರು. ಒಂದು ದಿನ ಪೊರಕೆ ಬಗಲಲ್ಲಿಟ್ಟುಕೊಂಡು, ಸಾಗಿಸಲು ಸಿದ್ಧವಾಗಿದ್ದ ಮೇಜನ್ನು ಸವರಿ, “ಇಲ್ಲಿ ಮೆಷಿನ್ ಕುಣಿದಿದೆ ಅಣ್ಣಾ,” ಅಂದರು. ಓರೆ ಬೆಳಕಿನಲ್ಲಿ ಬಗ್ಗಿ ನೋಡಿದರೆ ಹೌದು, ಅಲೆ ಅಲೆ. ಅಂದೇ ಪೊರಕೆ ಬೇರೆಯವರ ಕೈಗೆ ಹೋಯಿತು. ಅದಾಗಿ ಹನ್ನೊಂದು ವರ್ಷ.

ತಾತನ ಕಾಲದಿಂದ ಇವರದು ಕೊಯಮತ್ತೂರೇ. ಮನೆಯಲ್ಲಿ ಕನ್ನಡ, ಶೆಡ್ಡಿನಲ್ಲಿ ತಮಿಳು. ಉಜ್ಜಿ ಉಜ್ಜಿ ಬೆರಳ ಗೆರೆಗಳೇ ಸವೆದಿವೆ. “ರೇಷನ್ ಅಂಗಡಿ ಮೆಷಿನ್ನಿಗೆ ನಾನು ಯಾರೂಂತ್ಲೇ ತೆರಿಯಲ್ಲ, ಗೊತ್ತೇ ಆಗಲ್ಲ. ಆರು ಸಲ ಒತ್ತಬೇಕು. ಹಿಂದೆ ನಿಂತವ್ರು ಬೈತಾರೆ, ನಾನು ನಗ್ತೀನಿ. ಬೇರೇನು ಮಾಡ್ಲಿ?”

ಇಷ್ಟು ಸಮಾಧಾನದ ಹೆಂಗಸು ಜಗಳಕ್ಕೆ ನಿಂತದ್ದು ಒಂದೇ ವಿಷಯಕ್ಕೆ, ಮೇಜಿನ ಅಡಿಭಾಗಕ್ಕೆ. ಯಾರೂ ನೋಡದ ಆ ಬದಿಯನ್ನು ಶೆಡ್ಡಿನಲ್ಲಿ ಎಣ್ಣೆ ಹಚ್ಚದೆ ಹಾಗೇ ಬಿಡುವುದು ರೂಢಿ. ಎರಡು ವರ್ಷದ ಹಿಂದೆ ಬೆಟ್ಟದೂರು ವಾಲ್ಪಾರೈಯ ವಿಶ್ರಾಂತಿಗೃಹಕ್ಕೆ ಹೋದ ಮೇಜು ಅಲ್ಲಿನ ಮಂಜು ಕುಡಿದು, ದೋಸೆಯ ಅಂಚೆದ್ದ ಹಾಗೆ ಎದ್ದು, ವಾಪಸ್ ಬಂತು. “ಬನಿಯನ್ ಒಳಗಡೆ ತಿರುಗಿಸಿ ನೋಡ್ದೆ ನಾನು ಒಂದೂ ಪಾಸ್ ಮಾಡಿದ್ದಿಲ್ಲ. ಮರಕ್ಕೂ ಎರಡು ಮೈ ಉಂಟಲ್ವಾ? ಒಂದಕ್ಕೇ ಎಣ್ಣೆ ಹಚ್ಚಿದ್ರೆ ಇನ್ನೊಂದು ನೀರು ಕುಡಿಯುತ್ತೆ,” ಎಂದು ಸುಂದರಮ್ಮ ಹಟ ಹಿಡಿದರು.

ಮೇಜಿಗೆ ಮುಕ್ಕಾಲು ದಿನ ಹೆಚ್ಚು ಕೆಲಸವೆಂದು ರಾಮಲಿಂಗಂ ಒಪ್ಪಲಿಲ್ಲ. ಕಡೆಗೆ ಒಂದು ಷರತ್ತು ಹಾಕಿದರು. ಈ ವರ್ಷ ವಾಲ್ಪಾರೈಗೆ ಕಳಿಸುವ ಮೇಜಿಗೆ ಎರಡೂ ಬದಿ ಮಾಡಲಿ. ಮಳೆಗಾಲ ದಾಟಿ ನೆಟ್ಟಗಿದ್ದರೆ ಎಲ್ಲ ಮೇಜಿಗೂ ಹಾಗೇ. ಬಾಗಿದರೆ ಅಕ್ಕ ಮತ್ತೆ ಅಡಿಭಾಗದ ಮಾತೆತ್ತಬಾರದು. “ಸರಿಂಗ,” ಅಂದರು ಸುಂದರಮ್ಮ.

ಮಳೆಗಾಲ ಮುಗಿದಿದೆ. ಇಂದು ಹತ್ತೂವರೆಗೆ, ಟೀ ಹೊತ್ತಿಗೆ, ವಿಶ್ರಾಂತಿಗೃಹ ನೋಡಿಕೊಳ್ಳುವ ಕಲೈಸೆಲ್ವಿಯ ಫೋನ್ ಬರುತ್ತದೆ. ರಾಮಲಿಂಗಂ ಸ್ಪೀಕರ್ ಹಾಕುತ್ತಾರೆ.

“ಮೇಜಿನ ಮೇಲೆ ಅಡ್ಡಕ್ಕೆ ಉಕ್ಕಿನ ಸ್ಕೇಲು ಇಟ್ಟಿದ್ದೀನಿ,” ಎನ್ನುತ್ತಾರೆ ಕಲೈಸೆಲ್ವಿ.

“ಸಂದಿ ಇದ್ಯಾ ನೋಡಮ್ಮಾ,” ಎನ್ನುತ್ತಾರೆ ಸುಂದರಮ್ಮ. “ಸ್ಕೇಲಿನ ಕೆಳಗೆ ಕಾಗದ ತೂರಿಸಿ ನೋಡು.”

ಫೋನಿನಲ್ಲಿ ಕಾಗದ ಸರಸರ ಎನ್ನುತ್ತದೆ. “ಎಲ್ಲೂ ತೂರ್ತಿಲ್ಲ ಅಕ್ಕಾ.”

ಸುಂದರಮ್ಮ ಟೀ ಕಪ್ಪು ಕೆಳಗಿಡುತ್ತಾರೆ. “ಇನ್ಮೇಲೆ ಕೆಲಸ ಜಾಸ್ತಿ ಆಯ್ತಲ್ಲ ಅಣ್ಣಾ, ಒಂದು ಕೇಳ್ಲಾ?” ಎನ್ನುತ್ತಾರೆ. ಸಂಬಳದ ಮಾತೆಂದುಕೊಂಡು ರಾಮಲಿಂಗಂ ಕುರ್ಚಿಯಲ್ಲಿ ನೆಟ್ಟಗಾಗುತ್ತಾರೆ.

“ಹಲಗೆ ಇಡೋ ಸ್ಟ್ಯಾಂಡು ಗಂಡಸರ ಎತ್ತರಕ್ಕೆ ಮಾಡಿದ್ದು. ನಾಲ್ಕು ಬೆರಳು ಕಡಿಮೆ ಇರೋದು ಒಂದು ಜೋಡಿ ಮಾಡಿಸಿಕೊಡಿ.”

“ಹನ್ನೊಂದು ವರ್ಷ ಯಾಕೆ ಹೇಳ್ಲಿಲ್ಲ ಅಕ್ಕಾ?”

“ಇಲ್ಲೇ ಇರ್ತೀನೀಂತ ಗೊತ್ತಾಗ್ಬೇಕಲ್ಲ,” ಎಂದು ಸುಂದರಮ್ಮ ಹಲಗೆಯನ್ನು ಮಗುಚಿ ಹಾಕಲು, ಇನ್ನೊಂದು ತುದಿ ಹಿಡಿಯಲು ಅವರನ್ನೇ ಕರೆಯುತ್ತಾರೆ.