ಖಾಲಿ ಸ್ಲಾಟಿಗೆ ಮುಚ್ಚಳ

ಹನ್ನೊಂದೂಮುಕ್ಕಾಲಿಗೆ ಮಗುವಿನ ಕೆಮ್ಮಿಗೆ ಎಚ್ಚರವಾಯಿತು. ಅದು ಮತ್ತೆ ಮಲಗಿತು, ನನಗೆ ನಿದ್ದೆ ಹತ್ತಲಿಲ್ಲ.

ಗೆಳೆಯರೇ, ಬೆಳಿಗ್ಗೆ ಐದಕ್ಕೆ ನಮ್ಮ ಸೋಮನಹಳ್ಳಿ ಇಂಟರ್‌ನೆಟ್ ಕೇಂದ್ರದ ದೊಡ್ಡ ರೂಟರಿನ ಸ್ಲಾಟುಗಳಿಗೆ, ಅಂದರೆ ಖಾನೆಗಳಿಗೆ, ಎರಡು ಹೊಸ ಮಾಡ್ಯೂಲ್ ಕಾರ್ಡು ಕೂರಿಸಬೇಕು. ಪ್ಲಾನ್ ನನ್ನದು, ಕೂರಿಸುವವರು ಅಲ್ಲಿನ ಹಳೆಯ ಟೆಕ್ನಿಷಿಯನ್ ಸಿದ್ದೇಗೌಡರು. ಖಾಲಿ ಉಳಿಯುವ ಸ್ಲಾಟುಗಳಿಗೆ ಮುಚ್ಚಳ ಹಾಕಲೇಬೇಕು, ಇಲ್ಲದಿದ್ದರೆ ಫ್ಯಾನಿನ ಗಾಳಿ ಅಲ್ಲೇ ಸೋರಿಹೋಗಿ ಮಾಡ್ಯೂಲ್ ಬಿಸಿಯಾಗಿ ಕೆಡುತ್ತದೆ ಎಂದು ಸಂಜೆ ತಂಡದವರೆಲ್ಲ ಸೇರಿದ್ದ ಫೋನ್ ಮೀಟಿಂಗಿನಲ್ಲಿ ಅವರಿಗೆ ಹೇಳಿದೆ.

“ಕಿಟ್ಕಿ ತೆಗ್ದಂಗಿರ್ಲಿ ಬುಡವ್ವ, ಗಾಳಿ ಆಡ್ತದೆ. ನೀನು ಮಗೀನೂ ಇಂಗೇ ಸುತ್ತಿ ಸುತ್ತಿ ಬೆವರುಸ್ತೀಯ,” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕುಬಿಟ್ಟೆ.

ಆ ರೂಟರ್ ನಿಂತರೆ ಹಲಗೂರು ಕಡೆಯ ಆಸ್ಪತ್ರೆಗಳ ಲೈನೂ ನಿಲ್ಲುತ್ತದೆ. ಗೌಡರು ಫೋನ್ ಆಫ್ ಮಾಡಿ ಮಲಗಿದ್ದಾರೆ. ಸೋಮನಹಳ್ಳಿಯವರು ಯಾರಾದರೂ ಎಚ್ಚರವಿದ್ದರೆ ದಯವಿಟ್ಟು ಅವರ ಬಾಗಿಲು ತಟ್ಟಿ, ಐದರೊಳಗೆ ನನಗೊಂದು ಫೋನ್ ಮಾಡಿಸಿ. ಬೈದರೆ ನನ್ನ ಹೆಸರು ಹೇಳಿ.